ಅಡಿಯ ನೀರು

ಅಮಾವಾಸ್ಯೆ, ಹುಣ್ಣಿಮೆಗಳ ಬೆಳಿಗ್ಗೆ ಕಾನ್ಸೆಪ್ಟಾ ಗಂಜಿಗೆ ಉಪ್ಪು ಹಾಕುತ್ತಿರಲಿಲ್ಲ. ಒಣಮೀನನ್ನಾಗಲಿ ಉಪ್ಪಿನಕಾಯಿಯನ್ನಾಗಲಿ ಮುಟ್ಟುತ್ತಿರಲಿಲ್ಲ. ತೋಡಿನ ನೀರನ್ನು ಬಾಯಿಗೆ ಹಾಕಿ ನೋಡುವವರೆಗೆ ನಾಲಿಗೆ ಬರಿದಾಗಿರಬೇಕು ಎಂದು ಅವಳಿಗೆ ಅವಳ ಅತ್ತೆ ಕಲಿಸಿದ್ದಳು. ಅತ್ತೆಗೆ ಅವಳ ಅತ್ತೆ. ಇಗರ್ಜಿಯ ಪಾದ್ರಿಗಳು ಒಮ್ಮೆ, "ನಾವು ವಿಧಿಸಿದ ಉಪವಾಸಕ್ಕಿಂತ ಚಂದ್ರ ವಿಧಿಸಿದ ಉಪವಾಸವೇ ನಿನಗೆ ಹೆಚ್ಚಾಯಿತಲ್ಲ, ಬಾಯಮ್ಮ" ಎಂದು ತಮಾಷೆ ಮಾಡಿದ್ದರು. "ನಿಮ್ಮದು ತಪ್ಪಿದರೆ ನನ್ನ ಆತ್ಮ ಒಂದು ಹಾಳಾಗುವುದು ಫಾದರ್. ಇದು ತಪ್ಪಿದರೆ ಬೈಲಿಡೀ ಹಾಳು" ಎಂದು ಅವಳು ನಗದೆ ಉತ್ತರಿಸಿದ್ದಳು. ನಗುವುದು ಅವಳ ಸ್ವಭಾವದಲ್ಲಿ ಇರಲಿಲ್ಲ. ಇದ್ದಷ್ಟನ್ನೂ ಆಮೇಲಿನ ನಾಲ್ಕು ವರ್ಷಗಳು ತೆಗೆದುಕೊಂಡು ಹೋದವು.

ಕಟಪಾಡಿಯಿಂದ ಕಾಪುವಿಗೆ ಹೋಗುವ ಮಾರ್ಗದಲ್ಲಿ ಪಡುವಣಕ್ಕೆ ಇಳಿದರೆ ಸಿಗುವ ಬನದಬೈಲು ಅವಳು ಮದುವೆಯಾಗಿ ಬಂದ ಊರು. ಮೂಡಣ ಗುಡ್ಡಗಳಲ್ಲಿ ಹುಟ್ಟಿದ ತೋಡೊಂದು ಬೈಲಿನ ನಡುವೆ ಹರಿದು ಪಡುವಣದ ಹೊಳೆಯನ್ನು ಸೇರುತ್ತದೆ. ಆ ಹೊಳೆಗೆ ಸಮುದ್ರದ ಸಂಗ. ಮಳೆ ನಿಂತು ತೋಡಿನ ಸೆಳೆತ ಸೋತೊಡನೆ, ಭರತದ, ಅಂದರೆ ಉಬ್ಬರದ, ನೀರು ಉಪ್ಪನ್ನು ಹೊತ್ತುಕೊಂಡು ಮೇಲಕ್ಕೆ ಏರುತ್ತದೆ. ಅದನ್ನು ತಡೆಯಲು ವರ್ಷವರ್ಷವೂ ಕಾರ್ತಿಕದಲ್ಲಿ ತೋಡಿಗೆ ಅಡ್ಡಲಾಗಿ ಒಂದು ಮಣ್ಣಿನ ಕಟ್ಟ ಏಳುತ್ತಿತ್ತು: ಎರಡು ಸಾಲು ಅಡಿಕೆ ಮರದ ಗೂಟ, ಅವಕ್ಕೆ ಹೆಣೆದ ತೆಂಗಿನ ಗರಿ, ನಡುವೆ ತುಳಿದು ತುಂಬಿದ ಜೇಡಿ. ಮೊದಲ ಮಳೆಗೆ ಅದನ್ನು ಕಡಿದು ಬಿಡುವುದು. ಕಟ್ಟ ಕಟ್ಟಿಸುವುದು, ಕಾಯುವುದು, ಕಡಿಯುವುದು ಕಾನ್ಸೆಪ್ಟಾಳ ಗಂಡನ ಮನೆತನದ ಕೆಲಸ. ಗಂಡ ಬ್ಯಾಪ್ಟಿಸ್ಟ್ ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಜ್ವರದಿಂದ ತೀರಿಕೊಂಡ ಮೇಲೆ ಅದು ಅವಳೊಬ್ಬಳ ಕೆಲಸವಾಯಿತು.

ಕಟ್ಟದ ಮರ್ಮ ಇದ್ದದ್ದು ಅದರ ಬುಡದಲ್ಲಿ. ತೋಡಿನ ತಳಕ್ಕೆ ತಾಗುವಂತೆ, ಒಳಗಿನ ತಿರುಳು ತೆಗೆದ ಬೈನೆ ಮರದ ಕೊಳವೆಯೊಂದನ್ನು ಕಟ್ಟದೊಳಗೆ ಹೂತಿಡುತ್ತಿದ್ದರು. ಅದರ ಬಾಯಿಗೆ ಮರದ ಬೆಣೆ. ಎಷ್ಟೇ ಗಟ್ಟಿ ಕಟ್ಟಿದರೂ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತಕ್ಕೆ ಒಂದಿಷ್ಟು ಉಪ್ಪುನೀರು ಜಿನುಗಿ ಒಳಗೆ ಬಂದೇ ಬರುತ್ತದೆ. ಬಂದದ್ದು ಸಿಹಿನೀರಿನೊಡನೆ ಬೆರೆಯುವುದಿಲ್ಲ. ಭಾರವಾದ್ದರಿಂದ ಮೆಲ್ಲನೆ ಜಾರಿ ತಳದಲ್ಲಿ ಮಲಗುತ್ತದೆ. ಮೇಲಿನಿಂದ ಬೊಗಸೆಯಲ್ಲಿ ಎತ್ತಿ ಕುಡಿದವನಿಗೆ ಅದರ ಸುಳಿವೂ ಸಿಗದು. ಅದಕ್ಕೇ ಕಾನ್ಸೆಪ್ಟಾಳ ಬಳಿ ಅಂಡೆಯಿತ್ತು. ಅಂಡೆಯೆಂದರೆ ಬಿದಿರಿನ ಒಂದು ಗೆಣ್ಣಿನ ಪಾತ್ರೆ, ಕೆಳಗೆ ಕಲ್ಲು ಕಟ್ಟಿದ್ದು, ಬಾಯಿಗೆ ಬಿರಡೆ, ಬಿರಡೆಗೆ ದಾರ. ತಳ ಮುಟ್ಟಿದ ಮೇಲೆ ದಾರ ಎಳೆದರೆ ಅಡಿಯ ನೀರೇ ತುಂಬುತ್ತದೆ. ಬಾಯಿಗೆ ಹಾಕಿ, ನಾಲಿಗೆಯ ಬದಿಗಳಲ್ಲಿ ಹೊರಳಿಸಿ, ಉಗುಳಿ, ಇಳಿತ ಬಂದಾಗ ಬೆಣೆ ಎಳೆಯಬೇಕೋ ಬೇಡವೋ ಎಂದು ಅವಳು ತೀರ್ಮಾನಿಸುತ್ತಿದ್ದಳು. ಬೆಣೆ ಎಳೆದರೆ ತಳದಲ್ಲಿ ಮಲಗಿದ್ದ ಉಪ್ಪು ಬಂದ ದಾರಿಯಲ್ಲೇ ಹೊರಟುಹೋಗುತ್ತಿತ್ತು.

ಗದ್ದೆಗಳಿಗಿಂತ ಮೊದಲು ಆ ನೀರನ್ನು ಕುಡಿಯುತ್ತಿದ್ದುದು ಬನ. ಅದು ಹೆಗ್ಡೆಯವರ ಮನೆತನದ ನಾಗಬನ. ನಾಲ್ಕು ಕಲ್ಲು, ಎರಡು ಮರದ ಬನವಲ್ಲ; ಐದು ಎಕರೆಯಷ್ಟು ಕಾಡು. ಕಾರ್ಕಳದಾಚೆಯ ಘಟ್ಟದ ಬುಡದಲ್ಲಿ ಬೆಳೆಯುವ ಮಳೆಕಾಡಿನ ಒಂದು ತುಂಡು ಹೇಗೋ ತಪ್ಪಿಸಿಕೊಂಡು ಸಮುದ್ರದ ಇಷ್ಟು ಹತ್ತಿರ ಬಂದು ಕೆಸರಿನಲ್ಲಿ ನಿಂತಿತ್ತು. ರಾಂಪತ್ರೆ ಮರಗಳ ಬೇರುಗಳು ಉಸಿರಾಡಲೆಂದು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತಿದ್ದವು. ಕೆಳಗೆ ಬೆತ್ತ, ಮೇಲೆ ಸುರಗಿ, ಹಣ್ಣಿನ ಕಾಲದಲ್ಲಿ ಮೂಡಣದಿಂದ ಹಾರಿ ಬರುವ ಮಂಗಟ್ಟೆ ಹಕ್ಕಿಗಳು. ಒಳಗೆ ಯಾರೂ ಹೋಗುವಂತಿಲ್ಲ, ಒಂದು ಎಲೆ ಕೀಳುವಂತಿಲ್ಲ. ಮುದ್ದಣ್ಣ ಪೂಜಾರಿ ಮಾತ್ರ ಸಂಕ್ರಮಣಕ್ಕೊಮ್ಮೆ ಕಲ್ಲಿನವರೆಗೆ ಹೋಗಿ ದೀಪವಿಟ್ಟು, ಹಿಂದೆ ನೋಡದೆ ಬರುತ್ತಿದ್ದ.

ಕಟ್ಟದ ಮೊದಲ ಬುಟ್ಟಿ ಮಣ್ಣನ್ನು ಕಾನ್ಸೆಪ್ಟಾಳ ಮನೆಯ ಹೆಂಗಸೇ ಹಾಕಬೇಕು. ಆ ದಿನ ಹೆಗ್ಡೆಯವರ ಮನೆಯಿಂದ ಬನದ ಹೆಸರಿನಲ್ಲಿ ಒಂದು ಬೊಂಡ, ಎಂದರೆ ಎಳನೀರಿನ ಕಾಯಿ, ಅವಳ ಮನೆಗೆ ಬರಬೇಕು. ಶಿಲುಬೆಯ ಮನೆಗೆ ನಾಗನ ಬೊಂಡ ಬರುವುದು ಊರಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಇಪ್ಪತ್ತೇಳು ವರ್ಷ ಅವಳು ಆ ಬನದ ನೀರು ಕಾದಳು. ಒಂದು ದಿನವೂ ಒಳಗೆ ಕಾಲಿಡಲಿಲ್ಲ.

ಅರುವತ್ತೊಂದರ ಕೊನೆಗೆ ಸರಕಾರದ ಕಟ್ಟ ಬಂತು.

ಕಾರ್ಕಳದಿಂದ ಲಾರಿಗಳಲ್ಲಿ ಕಗ್ಗಲ್ಲು ಇಳಿಯಿತು. ಪಂಚಾಯತಿ ಅಧ್ಯಕ್ಷರಾದ ಸರ್ವೋತ್ತಮ ಹೆಗ್ಡೆ, ಬನ ಅವರದೇ ಮನೆತನದ್ದು, ಬಿಳಿ ಪಂಚೆ ಎತ್ತಿ ಹಿಡಿದು ಕೆಸರಿನಲ್ಲಿ ಓಡಾಡಿದರು. ವರ್ಷವರ್ಷವೂ ಕಟ್ಟಿ ಕಡಿಯುವ ಕಷ್ಟ ಇನ್ನಿಲ್ಲ. ಕಲ್ಲಿನ ಕಂಬಗಳ ನಡುವೆ ಹಲಗೆ ಇಳಿಸಿದರೆ ಆಯಿತು. ಬುಡದಲ್ಲಿ ಅಡ್ಡಲಾಗಿ, ತಳದಿಂದ ಎರಡು ಅಡಿ ಎತ್ತರಕ್ಕೆ ಕಲ್ಲಿನ ಹೊಸ್ತಿಲು ಕೂರಿಸುತ್ತಿದ್ದಾಗ ಕಾನ್ಸೆಪ್ಟಾ ಇಂಜಿನಿಯರರ ಎದುರು ಹೋಗಿ ನಿಂತಳು.

"ಬುಡದಲ್ಲಿ ಕಲ್ಲು ಎಂತಕ್ಕೆ ಅಡ್ಡ?"

"ಹಲಗೆ ಕೂರಬೇಕಲ್ಲಮ್ಮ."

"ಕೂರಲಿ. ನಡುವಿನಲ್ಲಿ ಒಂದು ಬಾಯಿ ಬಿಡಿ. ತಳಕ್ಕೆ ತಾಗಿ. ಉಪ್ಪು ಕೆಳಗೆ ಕೂರುತ್ತದೆ."

"ಉಪ್ಪು ಕರಗುತ್ತದೆ. ಕೂರುವುದು ಮರಳು." ಸುತ್ತಲಿದ್ದವರು ನಕ್ಕರು. ಇಂಜಿನಿಯರರು ಕೆಟ್ಟವರಲ್ಲ, ನಗಿಸಿದ್ದಕ್ಕೆ ತಾವೇ ನಾಚಿದವರಂತೆ ಬಗ್ಗಿ, ತೋಡಿನ ಮೇಲ್ಬದಿಯಿಂದ ಒಂದು ಬೊಗಸೆ ನೀರೆತ್ತಿ ಕುಡಿದರು. "ನೋಡಿ. ಎಳನೀರಿನ ಹಾಗೆ ಉಂಟು ಅಂತ ನಿಮ್ಮವರು ಹೇಳುತ್ತಾರಲ್ಲ, ಹಾಗೆಯೇ ಇದೆ."

"ನೀವು ಕುಡಿದದ್ದು ತಲೆಯ ನೀರು. ಕಾಲಿನ ನೀರು ಕುಡಿಯಿರಿ." ಅವಳು ಅಂಡೆ ಮುಂದೆ ಚಾಚಿದಳು.

ಸರ್ವೋತ್ತಮ ಹೆಗ್ಡೆ ನಡುವೆ ಬಂದರು. "ಸಾಕು ಮಾರಾಯ್ತಿ. ಸರಕಾರದ ಕಲ್ಲಿಗೆ ನಿನ್ನ ಬಿದಿರು ಪರೀಕ್ಷೆ ಕೊಡುವುದಾ? ಕೆಲಸ ಹೋಗುತ್ತದೆ ಅಂತ ಹೊಟ್ಟೆ ಉರಿ, ಅಲ್ವಾ?"

ಹೊಟ್ಟೆ ಉರಿದದ್ದು ನಿಜ. ಆದರೆ ಅವರು ಹೇಳಿದ ಕಾರಣಕ್ಕಲ್ಲ. ಮೂರು ತಲೆಮಾರು ನಾಲಿಗೆಯಿಂದ ಕಲಿತದ್ದನ್ನು ಒಂದು ನಗೆಯಲ್ಲಿ ಅಳಿಸಿದರಲ್ಲ, ಅದಕ್ಕೆ. ಆ ವರ್ಷ ಮೊದಲ ಬುಟ್ಟಿ ಮಣ್ಣಿರಲಿಲ್ಲ. ಹಾಗಾಗಿ ಬೊಂಡವೂ ಬರಲಿಲ್ಲ.

ಕೆಲಸ ಹೋದರೂ ಅವಳು ರುಚಿ ನೋಡುವುದನ್ನು ಬಿಡಲಿಲ್ಲ. ಮೊದಲ ಬೇಸಗೆಯಲ್ಲಿ, ಅರುವತ್ತೆರಡರ ಮಾರ್ಚ್ ಹೊತ್ತಿಗೆ, ಬನಕ್ಕೆ ಹೋಗುವ ಕಾಲುವೆಯ ತಳದಲ್ಲಿ ಉಪ್ಪು ಮಲಗಿತ್ತು. ಹೊಸ್ತಿಲು ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಉಪ್ಪನ್ನು ತಡೆಯಲು ಕಟ್ಟಿದ ಗೋಡೆ ಉಪ್ಪನ್ನು ಸಾಕತೊಡಗಿತ್ತು. ಮಳೆಗಾಲ ತೋಡನ್ನು ತೊಳೆಯಿತು. ಬನದ ಜೇಡಿಯೊಳಗೆ ಇಳಿದದ್ದನ್ನು ತೊಳೆಯಲು ಮಳೆಯಿಂದಲೂ ಆಗಲಿಲ್ಲ. ಮುಂದಿನ ಬೇಸಗೆ ಅದರ ಮೇಲೆ ಇನ್ನೊಂದು ಪದರ ಹಾಸಿತು.

ಬನ ಸಾಯುವುದನ್ನು ಅವಳು ಬೇಲಿಯ ಹೊರಗೆ ನಿಂತೇ ಓದಿದಳು. ಮೊದಲು ಕಪ್ಪೆಗಳು ಹೋದವು. ಜೂನಿನ ಸಂಜೆ ಬನದಿಂದ ಕಿವಿ ತುಂಬ ಬರುತ್ತಿದ್ದ ಸದ್ದು ಅರುವತ್ತಮೂರರಲ್ಲಿ ಅರ್ಧವಾಯಿತು. ಮರುವರ್ಷ ಒಂದೆರಡು ಗಂಟಲು ಮಾತ್ರ. ಕಾಲುವೆಯಲ್ಲಿ ಬಸವನಹುಳದ ಖಾಲಿ ಚಿಪ್ಪುಗಳು ತೇಲಿ ಬಂದವು. ಕೆಸರಿನ ಮುಗುಡು ಮೀನುಗಳು ಹೊಟ್ಟೆ ಮೇಲಾಗಿ ಬಂದವು. ಆಮೇಲೆ ಎಲ್ಲಕ್ಕಿಂತ ಕೆಟ್ಟದ್ದು: ಉದುರಿದ ಎಲೆ ಕೊಳೆಯುವುದೇ ನಿಂತಿತು. ಕೊಳೆಸುವ ಹುಳ, ಸೊಳ್ಳೆಮರಿ, ಬರಿಗಣ್ಣಿಗೆ ಕಾಣದ ಜೀವ ಯಾವುದೂ ಉಳಿದಿರಲಿಲ್ಲ. ಎಲೆಗಳು ಉಪ್ಪಿನಲ್ಲಿಟ್ಟ ಮೀನಿನ ಹಾಗೆ ಕಪ್ಪಾಗಿ, ಗಟ್ಟಿಯಾಗಿ, ಒಂದರ ಮೇಲೊಂದು ಬಿದ್ದಿದ್ದವು. ರಾಂಪತ್ರೆಯ ದೊಡ್ಡ ಮರಗಳು ಇನ್ನೂ ನಿಂತಿದ್ದವು. ಆದರೆ ಅವುಗಳ ಬುಡದಲ್ಲಿ ಒಂದು ಸಸಿಯೂ ಇರಲಿಲ್ಲ. ಎತ್ತರದ ಮರಗಳನ್ನು ನೋಡಿ ಊರಿನವರು ಬನ ಚೆನ್ನಾಗಿದೆ ಎಂದುಕೊಂಡರು. ಮಕ್ಕಳು ಸತ್ತ ಮನೆಯ ಮುಂದೆ ನಿಂತು ಅಜ್ಜನ ಮೈಕಟ್ಟು ಹೊಗಳಿದ ಹಾಗೆ.

ದೊಡ್ಡ ಮರಗಳ ತುದಿಯೂ ಒಣಗತೊಡಗಿದಾಗ ಊರು ಎಚ್ಚೆತ್ತಿತು. ಎಚ್ಚೆತ್ತು ಮಾಡಿದ್ದೇನು? ಪ್ರಶ್ನೆ ಇಡಿಸಿದರು. ಕವಡೆಯಲ್ಲಿ ಕಂಡುಬಂದದ್ದನ್ನು ಕಾನ್ಸೆಪ್ಟಾಳಿಗೆ ತಿಳಿಸಲು ಬಂದವನು ಮುದ್ದಣ್ಣ. ಅಂಗಳದಲ್ಲಿ ನಿಂತು ಹೆಗಲ ಬೈರಾಸನ್ನು ಎರಡು ಸಲ ಕೊಡವಿದ.

"ಎಂತ, ಹೇಳು."

"ಬನದ ಗಡಿಯಲ್ಲಿ ಮೈಲಿಗೆ ಆಗಿದೆಯಂತೆ ಬಾಯಮ್ಮ. ಅನ್ಯರ ಕಾಲು ಬಿದ್ದಿದೆಯಂತೆ."

"ನನ್ನ ಕಾಲಾ?"

"ಹೆಸರು ಬರಲಿಲ್ಲ."

"ಕವಡೆಗೆ ನಾಚಿಕೆ ಆಯಿತಾ? ಇಪ್ಪತ್ತೇಳು ವರ್ಷ ಇದೇ ಕಾಲು ಅದೇ ಗಡಿಯಲ್ಲಿ ನಡೆದಿದೆ. ಆಗ ಬೊಂಡ ಕಳಿಸುತ್ತಿದ್ದರು, ಈಗ ಮೈಲಿಗೆಯಾ?"

"ನಾನು ಎಂತ ಮಾಡಲಿ ಬಾಯಮ್ಮ, ನಾನು ದೀಪ ಇಡುವವ."

"ದೀಪ ಇಡುವವನಿಗೆ ಕಣ್ಣಿಲ್ಲವಾ? ಒಳಗೆ ಹೋಗುವವ ನೀನೊಬ್ಬನೇ. ಎಲೆ ಕೊಳೆಯುತ್ತದಾ ಅಲ್ಲಿ?"

ಮುದ್ದಣ್ಣ ಯೋಚಿಸಿದ. "ಇಲ್ಲ. ಕಾಲಡಿ ಚರಪರ ಎನ್ನುತ್ತದೆ. ಸ್ವಚ್ಛ ಉಂಟು."

"ಸ್ವಚ್ಛ!" ಎಂದು ಅವಳು ಕೂಗಿದ ರಭಸಕ್ಕೆ ಅಂಗಳದ ಕೋಳಿಗಳು ಚದುರಿದವು. ಮರುದಿನ ಕಾಲುವೆಯ ದಾರಿಗೆ ಮುಳ್ಳಿನ ಬೇಲಿ ಬಿತ್ತು.

ಹೇಳಿದರೆ ಕೇಳದವರಿಗೆ ತೋರಿಸಬೇಕು ಎಂದು ಅವಳು ಹೊರಟಳು. ತಮ್ಮನ ಮಗಳು ವೆರೊನಿಕಾ ಮಣಿಪಾಲದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸದಲ್ಲಿದ್ದಳು. ಕಟ್ಟದ ಬಳಿಯ ಗುಂಡಿಯಿಂದ ಎರಡು ಬಾಟಲಿಯಲ್ಲಿ ನೀರು ತುಂಬಿ, ಮಡಿಲಲ್ಲಿಟ್ಟುಕೊಂಡು, ಉಡುಪಿಯಲ್ಲಿ ಬಸ್ಸು ಬದಲಿಸಿ ಕಾನ್ಸೆಪ್ಟಾ ಆ ಬೋಳು ಮುರಕಲ್ಲಿನ ಗುಡ್ಡ ಹತ್ತಿದಳು. ಎಲ್ಲಿ ನೋಡಿದರೂ ಹೊಸ ಕಟ್ಟಡ, ಹೊಸ ಸುಣ್ಣ, ಗೊತ್ತಿಲ್ಲದ ಭಾಷೆಯಲ್ಲಿ ನಗುವ ಹುಡುಗರು. ವೆರೊನಿಕಾ ಹೆದರುತ್ತಲೇ ಅವಳನ್ನು ರಸಾಯನ ಕಲಿಸುವ ಯುವಕನೊಬ್ಬನ ಮುಂದೆ ನಿಲ್ಲಿಸಿದಳು. ಅವನು ಎರಡು ಗಾಜಿನ ನಳಿಗೆಗಳಿಗೆ ನೀರು ಸುರಿದು ಒಂದೊಂದಕ್ಕೂ ಎರಡು ಹನಿ ಯಾವುದೋ ದ್ರವ ಬಿಟ್ಟ. ಒಂದು ನಳಿಗೆಯಲ್ಲಿ ತೆಳ್ಳಗೆ ಮಂಜು ಕವಿಯಿತು. ಇನ್ನೊಂದು ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಯಾಯಿತು.

"ಇವು ಎರಡು ಬೇರೆ ಊರಿನ ನೀರಾ?"

"ಒಂದೇ ಗುಂಡಿಯದ್ದು. ಅದು ತಲೆ, ಇದು ಕಾಲು."

ಅವನು ಕುರ್ಚಿ ಎಳೆದು ಅವಳನ್ನು ಕೂರಿಸಿದ. ಸಿಹಿನೀರಿನ ಮರದ ಬೇರು ಇಂಥ ನೀರನ್ನು ಹೀರಲಾರದು, ಉಪ್ಪು ಮರದೊಳಗಿನ ನೀರನ್ನೇ ಹೊರಕ್ಕೆ ಜಗ್ಗುತ್ತದೆ ಎಂದು ವಿವರಿಸಿದ. "ಅಂದರೆ ನೀರಿನಲ್ಲಿ ನಿಂತುಕೊಂಡೇ ಬಾಯಾರಿ ಸಾಯುವುದು" ಎಂದ. ಕಾನ್ಸೆಪ್ಟಾ ತಲೆಯಾಡಿಸಿದಳು. ಅವನು ಹೇಳಿದ್ದು ಹೊಸದಲ್ಲ. ತನ್ನ ಮಾತನ್ನು ಒಬ್ಬ ಪೂರ್ತಿ ಕೇಳಿದ ಎಂಬುದು ಹೊಸದು.

ಅವನು ಬರೆದುಕೊಟ್ಟ ಚೀಟಿಯನ್ನು ಸರ್ವೋತ್ತಮ ಹೆಗ್ಡೆ ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೆ ಸೀಲು ಇಲ್ಲ."

"ನೀರಿಗೆ ಸೀಲು ಎಂತಕ್ಕೆ?"

"ನೀರಿಗಲ್ಲ ಮಾರಾಯ್ತಿ, ಕಾಗದಕ್ಕೆ. ಒಂದು ಕಲ್ಲು ತೆಗೆಯಬೇಕಾದರೆ ಫೈಲು ಮಂಗಳೂರಿಗೆ ಹೋಗಬೇಕು. ಅಲ್ಲಿಂದ ಬೆಂಗಳೂರಿಗೆ. ನೀನು ಮನೆಯ ಗಂಜಿಗೆ ಉಪ್ಪು ನೋಡಿದ ಹಾಗೆ ಅಲ್ಲ." ಚೀಟಿ ಮೇಜಿನ ಮೇಲಿನ ಹಿತ್ತಾಳೆಯ ಆಮೆಯ ಅಡಿಗೆ ಹೋಯಿತು. ಮುಂದಿನ ವರ್ಷ ಅವಳು ಹೋದಾಗಲೂ ಅದು ಅಲ್ಲಿಯೇ ಇತ್ತು, ಅಂಚು ಹಳದಿಯಾಗಿ.

ಅರುವತ್ತೈದರ ಜನವರಿಯಲ್ಲಿ ಬನಕ್ಕೆ ದೊಡ್ಡ ಶಾಂತಿ ನಡೆಯಿತು. ಕೊಡಗಟ್ಟಲೆ ಹಾಲು, ಬೊಂಡ, ಅರಿಸಿನ. ಮೂರು ದಿನ ಊರು ಒಲೆ ಹಚ್ಚಲಿಲ್ಲ. ಎಲ್ಲರಿಗೂ ಹೆಗ್ಡೆಯವರಲ್ಲೇ ಊಟ. ಎಲ್ಲರಿಗೂ ಎಂದರೆ, ಒಬ್ಬಳನ್ನು ಬಿಟ್ಟು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮುದ್ದಣ್ಣ ಬೈರಾಸು ಕೊಡವದೆ, ಓಡುತ್ತಲೇ ಅಂಗಳಕ್ಕೆ ಬಂದ.

"ಬಾಯಮ್ಮ! ಬನದಲ್ಲಿ ಚಿಗುರು ಬಂದಿದೆ. ಒಂದಲ್ಲ ಎರಡಲ್ಲ, ಇಡೀ ಕೆಸರಿನಲ್ಲಿ ಸಸಿ. ದೇವರು ಒಲಿದರು. ಹೆಗ್ಡೆಯವರು ಬೇಲಿಯ ಬದಿಗೆ ಜನ ಕರೆದು ತೋರಿಸುತ್ತಿದ್ದಾರೆ. ನೀವೂ ಬಂದು ನೋಡಿ, ಇನ್ನು ಕೋಪ ಬೇಡ."

"ಎಂಥ ಎಲೆ?"

"ದಪ್ಪ ಎಲೆ. ಹೊಳೆಯುತ್ತದೆ. ಜೋಡಿ ಜೋಡಿ."

ಅವಳು ಅರ್ಧ ತಿಂದ ಗಂಜಿಯನ್ನು ಬಿಟ್ಟು ಎದ್ದಳು. ಅಂದು ಹುಣ್ಣಿಮೆ, ಗಂಜಿಗೆ ಉಪ್ಪಿರಲಿಲ್ಲ.

ಬೇಲಿಯ ಬದಿಯಲ್ಲಿ ಹತ್ತಿಪ್ಪತ್ತು ಜನ ಕೈಮುಗಿದು ನಿಂತಿದ್ದರು. ಒಣಗಿದ ಕೊಂಬೆಗಳ ಸಂದಿನಿಂದ ಹಿಂದೆಂದೂ ಬೀಳದ ಬಿಸಿಲು ಬನದ ಕೆಸರಿಗೆ ಬಿದ್ದಿತ್ತು. ಆ ಬೆಳಕಿನಲ್ಲಿ, ಸತ್ತ ಮೊಣಕಾಲು ಬೇರುಗಳ ನಡುವೆ, ಪೆನ್ಸಿಲಿನಂತಹ ಕಾಂಡಗಳ ತುದಿಯಲ್ಲಿ ಜೋಡಿ ಎಲೆ ಹೊತ್ತ ನೂರಾರು ಸಸಿಗಳು. ಬೈಲಿನ ಜನ ಅಳಿವೆಗೆ ಹೋಗುವವರಲ್ಲ. ಅವರಿಗೆ ಹಸಿರೆಲ್ಲ ಒಂದೇ. ಕಾನ್ಸೆಪ್ಟಾ ಹೊಳೆಬಾಯಿಯಲ್ಲಿ ಹುಟ್ಟಿದವಳು, ಮೊಣಕಾಲ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ದೊಡ್ಡವಳಾದವಳು. ಅದು ಕಾಂಡ್ಲ. ಉಪ್ಪುನೀರಿನ ಗಿಡ. ಮಳೆಗಾಲದಲ್ಲಿ ಹಲಗೆ ತೆಗೆದಾಗ ಅದರ ಬೀಜದ ಕೋಲುಗಳು ಹಿಂದೆಯೂ ತೇಲಿ ಬರುತ್ತಿದ್ದವು. ಬನದ ಕತ್ತಲೆ ಅವನ್ನು ಬದುಕಗೊಡುತ್ತಿರಲಿಲ್ಲ. ಈಗ ಮೇಲೆ ಬಿಸಿಲು, ಕೆಳಗೆ ಉಪ್ಪು. ಕಾಂಡ್ಲದ ಮೇಲೆ ಅವಳಿಗೆ ದ್ವೇಷವಿಲ್ಲ. ಅದರ ಜಾಗದಲ್ಲಿ ಅದು ಮೀನುಮರಿಗಳ ತಾಯಿ. ಆದರೆ ಇಲ್ಲಿ ಅದು ಹೆಣದ ಮೇಲೆ ಹುಟ್ಟಿದ ಹಸಿರು, ಮತ್ತು ಊರು ಅದಕ್ಕೆ ಕೈಮುಗಿಯುತ್ತಿತ್ತು.

ಅವಳು ಬೇಲಿಯ ಮುಳ್ಳನ್ನು ಕಾಲಿನಿಂದ ತುಳಿದು ಒಳಗೆ ನಡೆದಳು.

ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ. ಹಿಂದಿನಿಂದ ಯಾರೋ ಕಿರುಚಿದರು. ಮುದ್ದಣ್ಣ "ಬಾಯಮ್ಮ, ಬೇಡ, ಬೇಡ" ಎಂದು ಅಂಗಲಾಚಿದ. ಕಾಲಡಿ ಎಲೆಗಳು ಅವನು ಹೇಳಿದಂತೆಯೇ ಚರಪರ ಎಂದವು. ಅವಳು ಒಂದು ಸಸಿಯನ್ನು ಬೇರುಸಹಿತ ಕಿತ್ತು, ಕೆಸರು ತೊಟ್ಟಿಕ್ಕಿಸುತ್ತಾ, ಗದ್ದೆಯ ಹುಣಿಯಲ್ಲಿ ನೇರವಾಗಿ ಹೆಗ್ಡೆಯವರ ಮನೆಗೆ ನಡೆದಳು. ಜನ ಹಿಂದಿನಿಂದ ಮೆರವಣಿಗೆಯಂತೆ ಬಂದರು.

ಜಗಲಿಯಲ್ಲಿ ಕೂತಿದ್ದವಳು ಅಕ್ಕು ಹೆಗ್ಡ್ತಿ, ಸರ್ವೋತ್ತಮ ಹೆಗ್ಡೆಯ ಅಕ್ಕ. ಅಳಿಯಸಂತಾನದ ಮನೆ, ಯಜಮಾನಿಕೆಯ ಮಾತು ತಮ್ಮನದಾದರೂ ಮನೆ, ಗದ್ದೆ, ಬನ ನಡೆದು ಬಂದದ್ದು ಅವಳ ರಕ್ತದಲ್ಲಿ. "ಬನದಿಂದ ಕಿತ್ತಳು! ಒಳಗೆ ಹೋದಳು!" ಎಂದು ಜನ ಒಟ್ಟಿಗೆ ಕೂಗಿದರು. ಹಿಂದೆಯೇ ಓಡಿ ಬಂದ ಸರ್ವೋತ್ತಮ ಹೆಗ್ಡೆ ಏದುಸಿರಿನಲ್ಲಿ "ಇವಳನ್ನು ಪೊಲೀಸಿಗೆ..." ಎಂದು ಶುರುಮಾಡಿದರು.

ಅಕ್ಕು ಹೆಗ್ಡ್ತಿ ಕೈ ಎತ್ತಿದಳು. "ಬಿಸಿಲಿನಲ್ಲಿ ಬಂದವರಿಗೆ ಮೊದಲು ನೀರು. ಆಮೇಲೆ ಪೊಲೀಸು. ಮೋಹಿನಿ, ಬೆಲ್ಲ ನೀರು ತಾ."

ಒಳಗಿನಿಂದ ಮೋಹಿನಿ, ಅಡುಗೆ ನೋಡಿಕೊಳ್ಳುವ ಹೆಂಗಸು, ಒಂದು ತಟ್ಟೆಯಲ್ಲಿ ಬೆಲ್ಲದ ತುಂಡನ್ನೂ ಚೆಂಬಿನಲ್ಲಿ ನೀರನ್ನೂ ತಂದು ಅಂಗಳದ ಕಟ್ಟೆಯ ಮೇಲಿಟ್ಟಳು. ಕಾನ್ಸೆಪ್ಟಾ ಬೆಲ್ಲ ಮುಟ್ಟಲಿಲ್ಲ. ಚೆಂಬೆತ್ತಿ ಒಂದು ಗುಟುಕು ಬಾಯಿಗೆ ಹಾಕಿದಳು. ನುಂಗಲಿಲ್ಲ. ನಾಲಿಗೆಯ ಬದಿಗಳಲ್ಲಿ ಅದನ್ನು ಹೊರಳಿಸಿದಳು. ಕೊಟ್ಟ ನೀರನ್ನು ಕೊಟ್ಟವರ ಎದುರು ಉಗುಳಬಾರದು; ನುಂಗಿದಳು. ಆಮೇಲೆ ಅವಳು ಮಾತಾಡಿದ್ದು ತುಂಬ ಮೆಲ್ಲಗೆ.

"ಇದು ಎಲ್ಲಿಯ ನೀರು?"

"ನಮ್ಮ ಬಾವಿದು. ಇನ್ನೆಲ್ಲಿಯದು?" ಎಂದಳು ಅಕ್ಕು ಹೆಗ್ಡ್ತಿ.

"ಮೋಹಿನಿ, ಗಂಜಿಗೆ ಉಪ್ಪು ಎಷ್ಟು ಹಾಕುತ್ತಿ?"

ಮೋಹಿನಿ ಒಡತಿಯ ಮುಖ ನೋಡಿದಳು. "ಈಗ... ಹಾಕುವುದಿಲ್ಲ. ಹಾಕಿದರೆ ಹೆಚ್ಚಾಗುತ್ತದೆ."

"ಯಾವಾಗಿನಿಂದ?"

"ಹೋದ ವರ್ಷದ ಬೇಸಗೆಯಿಂದ ಕಡಿಮೆ ಮಾಡುತ್ತಾ ಬಂದೆ. ನನ್ನ ಕೈ ಅಳತೆ ತಪ್ಪಿತು ಅಂದುಕೊಂಡೆ."

"ಬೇಳೆ ಬೇಯುತ್ತದಾ?"

"ಎಲ್ಲಿ ಬೇಯುತ್ತದೆ! ಮೂರು ಗಂಟೆ ಬೆಂಕಿ ಉರಿಸಬೇಕು. ಕಟಪಾಡಿಯ ಅಂಗಡಿಯವ ಹಳೇ ಬೇಳೆ ಕೊಡುತ್ತಾನೆ ಅಂತ ದೊಡ್ಡವರು ಅವನ ಹತ್ತಿರ ಜಗಳ ಮಾಡಿ ಅಂಗಡಿಯನ್ನೇ ಬದಲಿಸಿದರು."

"ಸಾಬೂನು ನೊರೆ ಬರುತ್ತದಾ?"

ಮೋಹಿನಿ ಇಲ್ಲವೆಂದು ತಲೆಯಾಡಿಸಿದಳು. ಅಕ್ಕು ಹೆಗ್ಡ್ತಿ ತಾನೇ ಜಗಲಿಯಿಂದ ಇಳಿದು ಬಂದು ಚೆಂಬೆತ್ತಿ ಕುಡಿದಳು. "ನನಗೆ ಏನೂ ಗೊತ್ತಾಗುವುದಿಲ್ಲವಲ್ಲ" ಎಂದಳು, ಹೆದರಿದ ಧ್ವನಿಯಲ್ಲಿ.

"ಹೇಗೆ ಗೊತ್ತಾಗುವುದು? ದಿನಕ್ಕೆ ಒಂದು ಕಲ್ಲು ಉಪ್ಪಿನ ಹಾಗೆ ಏರಿದೆ. ನಿಮ್ಮ ನಾಲಿಗೆ ಅದರ ಜೊತೆಗೇ ಏರಿದೆ. ಬನಕ್ಕೆ ನಾಲಿಗೆ ಬದಲಿಸಲು ಆಗಲಿಲ್ಲ, ಅದು ಸತ್ತಿತು." ಕೈಯಲ್ಲಿದ್ದ ಸಸಿಯನ್ನು ಅವಳು ಕಟ್ಟೆಯ ಮೇಲೆ, ಬೆಲ್ಲದ ಪಕ್ಕ ಇಟ್ಟಳು. "ಇದು ಕಾಂಡ್ಲ. ಸಮುದ್ರದ ಗಿಡ. ಇದು ಬಂದಲ್ಲಿ ಸಮುದ್ರ ಬಂದಿದೆ ಎಂದು ಅರ್ಥ. ನಿಮ್ಮ ಬಾವಿ ಬನದಿಂದ ನೂರು ಮಾರು ದೂರ ಇಲ್ಲ."

ಮುದ್ದಣ್ಣ ಗುಡ್ಡದ ಬದಿಯ ಬಾವಿಯಿಂದ ಇನ್ನೊಂದು ಚೆಂಬು ನೀರು ತಂದ. ಅದನ್ನು ಕುಡಿದು, ಮತ್ತೆ ಮನೆಯ ನೀರು ಕುಡಿದು, ಅಕ್ಕು ಹೆಗ್ಡ್ತಿ ಮುಖ ಕಿವುಚಿದಳು. ತಮ್ಮನ ಕಡೆ ತಿರುಗಿದಳು.

"ಸರ್ವೋತ್ತಮ, ಆ ಕಲ್ಲು ತೆಗೆಸು."

"ಅಕ್ಕ, ಫೈಲು..."

"ಬಾವಿ ಹೋದ ಮನೆಯಲ್ಲಿ ಫೈಲು ಕುಡಿಯುತ್ತೀಯಾ?"

ನಾಲ್ಕನೆಯ ದಿನ ಹೊಸ್ತಿಲಿನ ನಡುಗಲ್ಲು ಹೊರಗೆ ಬಂತು. ಯಾವ ಫೈಲೂ ಯಾವ ಊರಿಗೂ ಹೋಗಲಿಲ್ಲ. ಒಬ್ಬ ಕಲ್ಲುಕುಟಿಗ, ಎರಡು ಹಾರೆ, ಒಂದು ಹಗಲಿನ ಕೆಲಸ. ತಳಕ್ಕೆ ತಾಗಿ ಒಂದು ಬಾಯಿ, ಅದಕ್ಕೆ ಹಲಸಿನ ಮರದ ಮುಚ್ಚಳ. ಕಾನ್ಸೆಪ್ಟಾ ದಡದಲ್ಲಿ ನಿಂತು ನೋಡಿದಳು. ಇಳಿತದ ಹೊತ್ತಿಗೆ ಮುಚ್ಚಳ ಎತ್ತಿದಾಗ ತಳದ ನೀರು ಎಣ್ಣೆಯಂತೆ ಭಾರವಾಗಿ ಹೊರಳಿ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ. ನಾಲ್ಕು ದಿನ! ಬನಕ್ಕೆ ನಾಲ್ಕು ವರ್ಷ ಸಿಗದ ಕಲ್ಲುಕುಟಿಗ ಬಾವಿಗೆ ನಾಲ್ಕು ದಿನದಲ್ಲಿ ಸಿಕ್ಕಿದ್ದ. ಕಪ್ಪೆಗಳು ಹೋದಾಗ ಒಬ್ಬನೂ ಬರಲಿಲ್ಲ. ಮೀನು ತೇಲಿದಾಗ, ಎಲೆ ಕೊಳೆಯದಿದ್ದಾಗ, ಸಸಿ ಹುಟ್ಟದಿದ್ದಾಗ ಬರಲಿಲ್ಲ. ಬೇಳೆ ಬೇಯದಿದ್ದಾಗ ಬಂದರು.

ಆ ಕಾರ್ತಿಕದಲ್ಲಿ ಹಲಗೆ ಇಳಿಸುವ ದಿನ ಮುದ್ದಣ್ಣ ಬೊಂಡ ಹಿಡಿದುಕೊಂಡು ಬಂದ. ನಾಲ್ಕು ವರ್ಷ ತಪ್ಪಿದ್ದಕ್ಕೆ ಸೇರಿಸಿ ಐದು ಬೊಂಡ ಕಳಿಸಿದ್ದರು.

"ಅಕ್ಕು ಹೆಗ್ಡ್ತಿ ಕೊಟ್ಟದ್ದು. ಮುಚ್ಚಳ ನೀವೇ ನೋಡಿಕೊಳ್ಳಬೇಕಂತೆ ಇನ್ನು ಮುಂದೆ."

"ಎಷ್ಟು ರಾಂಪತ್ರೆ ಉಳಿದಿದೆ ಒಳಗೆ?"

"ಹನ್ನೊಂದು. ಮೊದಲು ಎಪ್ಪತ್ತರ ಹತ್ತಿರ ಇತ್ತು."

"ಕಾಂಡ್ಲ ಕಿತ್ತಿರಾ?"

ಮುದ್ದಣ್ಣ ನೆಲ ನೋಡಿದ. "ಬನದ ಒಳಗಿನದ್ದು ಕೀಳಬಾರದಲ್ಲ ಬಾಯಮ್ಮ. ಬಂದದ್ದು ಯಾವುದೇ ಆಗಲಿ, ಬಂದ ಮೇಲೆ ಅದು ಬನದ್ದೇ. ಹೆಗ್ಡೆಯವರೂ ಹಾಗೇ ಹೇಳಿದರು."

ಅವಳು ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ಬಯ್ಗುಳ ಬಾಯಿಯವರೆಗೆ ಬಂದು, ಅಲ್ಲಿ ನಿಂತಿತು. ಅವನ ಕಣ್ಣು ಒದ್ದೆಯಾಗಿತ್ತು. ಅವಳು ಬೊಂಡಗಳನ್ನು ಅಲ್ಲಿಯೇ ಅಂಗಳದಲ್ಲಿ ಬಿಟ್ಟು, ಸೆರಗು ಸೊಂಟಕ್ಕೆ ಬಿಗಿದು, ಗೋಡೆಗೆ ನೇತುಹಾಕಿದ ಅಂಡೆ ತೆಗೆದುಕೊಂಡು ಹೊರಟಳು.

"ಎಲ್ಲಿಗೆ?"

"ಕೀಳಲಿಕ್ಕೆ. ಮೈಲಿಗೆ ಹೇಗೂ ನನ್ನ ಲೆಕ್ಕದಲ್ಲೇ ಉಂಟಲ್ಲ. ಬರುವುದಾದರೆ ಬಾ. ಇಲ್ಲದಿದ್ದರೆ ಬೇಲಿಯ ಹೊರಗೆ ನಿಂತು ಬುಟ್ಟಿ ಹಿಡಿ."

ಮುದ್ದಣ್ಣ ಬುಟ್ಟಿ ಹಿಡಿದ. ಅವಳು ಹಗಲಿಡೀ ಕಿತ್ತಳು, ಮರುದಿನವೂ, ಅದರ ಮರುದಿನವೂ. ಯಾರೂ ತಡೆಯಲಿಲ್ಲ. ಯಾರೂ ಸಹಾಯಕ್ಕೂ ಬರಲಿಲ್ಲ. ಕಿತ್ತ ಸಸಿಗಳನ್ನು ಮುದ್ದಣ್ಣ ಹೊತ್ತು ಹೊಳೆಬಾಯಿಯ ಕೆಸರಿನಲ್ಲಿ, ಅವಳು ಹೇಳಿದ ಅಂತರದಲ್ಲಿ ನೆಟ್ಟ. ಅಮಾವಾಸ್ಯೆಯ ಬೆಳಿಗ್ಗೆ, ಉಪ್ಪಿಲ್ಲದ ಗಂಜಿ ಕುಡಿದು, ಅವಳು ಬನದ ನಡುವಿನ ಗುಂಡಿಗೆ ಅಂಡೆ ಇಳಿಸಿದಳು. ತಳ ಮುಟ್ಟಿತು. ದಾರ ಎಳೆದಳು. ಬೇಲಿಯಾಚೆಯಿಂದ ಮುದ್ದಣ್ಣ ಕತ್ತು ಚಾಚಿ ಕೇಳಿದ: "ಹೇಗುಂಟು ಬಾಯಮ್ಮ? ಸಿಹಿಯಾ?"

ಅವಳು ನೀರನ್ನು ಬಾಯಿಯಲ್ಲಿ ಹೊರಳಿಸಿ, ಪಕ್ಕಕ್ಕೆ ಉಗುಳಿ, ಅಂಡೆಯ ಬಿರಡೆಯನ್ನು ಮತ್ತೆ ಒತ್ತಿ ಕೂರಿಸಿದಳು.

"ಇನ್ನೂ ಇಲ್ಲ" ಎಂದಳು. "ಸಂಜೆ ಇಳಿತ. ಮುಚ್ಚಳ ಎತ್ತಲಿಕ್ಕೆ ಬಾ."